ವರ್ಣತಂತುಗಳನ್ನು ಎಣಿಸಿದ ವಿದುಷಿ: ಡಾ. ಜಾನಕಿ ಅಮ್ಮಾಳ್

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕುಪ್ಪೇಲೂರಿನ ಸೀಮೆಯಲ್ಲಿ ಇರಲಿಕ್ಕಿಲ್ಲ. ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು, ಒಂಬತ್ತನೆಯ ಇಯತ್ತೆಯಲ್ಲಿ ಓದುವ ತಮ್ಮ ಮಗಳ ಶಾಲೆ ಬಿಟ್ಟ ದಾಖಲೆಯನ್ನು ಕೇಳಲಿಕ್ಕೆ ಬಂದವರು, ಈ ಗಾದೆಯನ್ನೇ ಕಾರಣವಾಗಿ ಹೇಳಿದರು. ತಮಗೂ ಗಣಿತ ಹತ್ತಲಿಲ್ಲ, ಮಗಳಿಗೂ ಹತ್ತುವದಿಲ್ಲ. ತಾವು ಬೀಜದ ಹೊಲದಲ್ಲಿ ಹೂವು ಕೂಡಿಸುವ ಕೆಲಸಕ್ಕೆ ಹೋದಂತೆ ಆಕೆಯೂ ಹೋಗಲಿ. ಮೂರೂ ಹೆಣ್ಣನ್ನೇ ಹೆತ್ತ ತಮ್ಮಂಥವರಿಗೆ ಬೇರೆ ದಾರಿಯಿಲ್ಲವೆಂದು ಅವರು ಕಣ್ಣೀರು ತಂದರು. ಆ ಗಳಿಗೆಯಲ್ಲಿ ನಮಗೆ ತಕ್ಕ ಉತ್ತರವು ಹೊಳೆಯಲಿಲ್ಲ. ಹೊಲದಲ್ಲಿ ಅವರು ದಿನವೂ ಕೈಯಲ್ಲಿ ಹಿಡಿಯುವ ಹೂವೇ ಆ ಉತ್ತರವನ್ನು ಬಲ್ಲದು ಎಂಬದು ಆಮೇಲೆ ನೆನಪಾಯಿತು. ಹೂವಿನೊಳಗಿನ ಆ ಸಂಗತಿಯನ್ನು ತಿಳಿಯುವದರಲ್ಲಿ ಬಾಳನ್ನು ಸವೆಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡುತ್ತೇವೆ.

ಎಡವಲತ್ ಕಕ್ಕಟ್ ಜಾನಕಿ ಅಮ್ಮಾಳ್ ಎಂಬ ಈ ವಿದುಷಿಯು 1897ನೇ ಇಸವಿ ನವೆಂಬರ 4ರಂದು ಮಲಬಾರಿನ ತಲಚೇರಿಯಲ್ಲಿ ಹುಟ್ಟಿದರು. ಆ ಕಾಲದಲ್ಲಿ ಆ ಊರೂ ನಮ್ಮ ಮಂಗಳೂರೂ ಒಂದೇ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ತಂದೆಯವರಾದ ಇ. ಕೆ. ಕೃಷ್ಣನ್ ಅವರು ನ್ಯಾಯಾಧೀಶರಾಗಿದ್ದು, ಗಿಡಮರಗಳಲ್ಲಿಯೂ ಪಕ್ಷಿಗಳಲ್ಲಿಯೂ ಬಹಳ ಆಸಕ್ತಿಯುಳ್ಳವರಾಗಿದ್ದರು. ಮನೆಯ ತುಂಬ ಅಕ್ಕತಂಗಿಯರು, ಅಣ್ಣತಮ್ಮಂದಿರು. ಅವರು ಹುಟ್ಟಿದ ತೀಯ ಸಮುದಾಯವನ್ನು ಮೇಲುಜಾತಿಯವರೆನಿಸಿಕೊಂಡವರು ಕೀಳಾಗಿ ಕಾಣುತ್ತಿದ್ದ ಕಾಲವದು. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದಿತ್ತು. ಅಕ್ಕತಂಗಿಯರು ಹಿರಿಯರು ಗೊತ್ತುಮಾಡಿದಂತೆ ಮದುವೆಯಾಗಿ ಸಂಸಾರ ಹೂಡಿದರು. ಜಾನಕಿಯವರು ಮಾತ್ರ ಓದನ್ನು ಆರಿಸಿಕೊಂಡರು, ಕೊನೆಯವರೆಗೂ ಮದುವೆಯಾಗಲಿಲ್ಲ.

ತಲಚೇರಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ ಅವರು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜನ್ನು ಸೇರಿದರು. ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ 1921ರಲ್ಲಿ ಸಸ್ಯಶಾಸ್ತ್ರದಲ್ಲಿ ಆನರ್ಸ್ ಪದವಿಯನ್ನು ಪಡೆದರು. ಬಳಿಕ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. ಏಷ್ಯದ ಸ್ತ್ರೀಯರಿಗಾಗಿ ಏರ್ಪಟ್ಟ ಬಾರ್ಬರ್ ವಿದ್ಯಾರ್ಥಿವೇತನವು ದೊರೆತು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1925ರಲ್ಲಿ ಎಂ. ಎಸ್. ಪದವಿಯೊಡನೆ ಹಿಂದಿರುಗಿ ಪುನಃ ಪಾಠ ಹೇಳಿದರು. ಮರಳಿ ಹೋಗಿ 1931ರಲ್ಲಿ ಡಿ. ಎಸ್‌ಸಿ. ಪದವಿಯನ್ನೂ ಗಳಿಸಿದರು. ಆ ಪದವಿಗಾಗಿ ಅವರು ಶೋಧಿಸಿದ್ದು ಬದನೆ, ಮೆಣಸಿನಕಾಯಿಗಳ ಕುಲಕ್ಕೇ ಸೇರಿದ ನಿಕಾಂಡ್ರ ಎಂಬ ಗಿಡದ ವರ್ಣತಂತುಗಳನ್ನು. ಸಾಗರವನ್ನು ದಾಟಿ ಹೋಗಿ ನೋಡಬೇಕಾದಂಥ ಏನು ಆ ಗಿಡದೊಳಗಿತ್ತು ಎಂಬದನ್ನು ಇಲ್ಲಿ ಸ್ವಲ್ಪ ವಿವರಿಸುವದು ಅವಶ್ಯ.

ಸಕಲ ಗಿಡಬಳ್ಳಿಗಳ, ಪ್ರಾಣಿಗಳ, ನಮ್ಮೆಲ್ಲರ ದೇಹವೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಕಟ್ಟಲ್ಪಟ್ಟಿರುವದು. ಒಂದೊಂದು ಕೋಶದ ನಡುವಣ ಬೀಜಕೇಂದ್ರದಲ್ಲಿ ನೂಲೆಳೆಗಳಂಥ ವಸ್ತುಗಳುಂಟು. ಬಣ್ಣ ಹಾಕಿದಾಗ ಅದನ್ನು ಚೆನ್ನಾಗಿ ಹೀರಿಕೊಳ್ಳುವದರಿಂದ ಅವಕ್ಕೆ ವರ್ಣತಂತುಗಳೆಂದು ಹೆಸರು. ಎತ್ತರ, ಬಣ್ಣ, ರುಚಿ ಮೊದಲಾದ ಹುಟ್ಟುಗುಣಗಳ ಆಜ್ಞೆಗಳೆಲ್ಲ ಇವುಗಳಲ್ಲಿ ಅಡಗಿರುವವು. ಪ್ರತಿಯೊಂದು ಜಾತಿಗೂ ಇವುಗಳ ಲೆಕ್ಕವು ಗೊತ್ತಾಗಿರುವದು: ನಮ್ಮ ಉಳ್ಳಾಗಡ್ಡಿಗೆ 16, ಜೋಳಕ್ಕೆ 20, ಮೆಣಸಿನಕಾಯಿಗೆ 24, ಮನುಷ್ಯರಿಗೆ 46. ಇವು ಜೋಡಿಯಾಗಿರುವವು, ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು.

ಒಂದು ಉಳ್ಳಾಗಡ್ಡಿಯನ್ನು ನೀರು ತುಂಬಿದ ಬಾಟಲಿಯ ಬಾಯಲ್ಲಿ ಕೂರಿಸಿದರೆ ಕೆಲವು ದಿವಸಗಳಲ್ಲಿ ಬೇರು ಬಿಡುವದು. ಆ ಬೇರಿನ ತುದಿಯಲ್ಲಿ ಕೋಶಗಳು ಒಡೆದು ಎರಡೆರಡಾಗುವದನ್ನು ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಅನೇಕ ವಿದ್ಯಾರ್ಥಿನಿಯರು ಕಂಡಿದ್ದಾರೆ. ಕೋಶವು ಒಡೆಯುವ ಮೊದಲು ತನ್ನ 16 ವರ್ಣತಂತುಗಳಲ್ಲಿ ಒಂದೊಂದರದೂ ಪ್ರತಿ ಮಾಡಿಕೊಳ್ಳುವದು. ಅನಂತರ ಅವೆಲ್ಲ ನಡುಗೆರೆಯಲ್ಲಿ ಸಾಲಾಗಿ ನಿಂತು, ಮೂಲವೊಂದು ಕಡೆಗೂ ಪ್ರತಿಯೊಂದು ಕಡೆಗೂ ಸರಿಯುವವು. ಹುಟ್ಟಿದ ಎರಡು ಮರಿಕೋಶಗಳಲ್ಲಿಯೂ 16 ವರ್ಣತಂತುಗಳೇ ಇರುವವು, ತಾಯಿಕೋಶದಲ್ಲಿದ್ದವೇ ಇರುವವು. ಇದಕ್ಕೆ ಮೈಟಾಸಿಸ್ ಅಥವಾ ಸಮವಿಭಜನೆ ಎನ್ನುತ್ತಾರೆ. 1882ರಲ್ಲಿ ಜರ್ಮನಿಯ ವಾಲ್ಥರ್ ಫ್ಲೆಮಿಂಗ್ ಎಂಬ ಪಂಡಿತರು ಇದನ್ನು ವಿವರವಾಗಿ ಬಣ್ಣಿಸಿದರು. ಕೂಸು ಬೆಳೆಯುವದು, ಗಾಯ ಮಾಯುವದು, ಬೇರು ಇಳಿಯುವದು, ಚಿಗುರು ಒಡೆಯುವದು ಎಲ್ಲವೂ ಇದರಿಂದಲೇ. ನೂಲಿನಂತೆ ಸೀರೆ ಎಂಬ ಮಾತು ಇಲ್ಲಿ ಪೂರ್ಣವಾಗಿ ಸಲ್ಲುವದು.

ಆದರೆ ಬೀಜ ಕಟ್ಟುವ ಕಾಲದಲ್ಲಿಯೂ ಇದೇ ಕ್ರಮ ನಡೆದರೆ ಗತಿಯೇನು? ತಾಯಿಯಿಂದ 16, ತಂದೆಯಿಂದ 16 ಕೂಡಿ ಮರಿಗೆ 32 ಆದೀತು. ಮೊಮ್ಮರಿಗೆ 64 ಆದೀತು. ಕೆಲವೇ ತಲೆಗಳಲ್ಲಿ ಲೆಕ್ಕವು ಮಿತಿಮೀರೀತು. ಆದಕಾರಣ ಹೂವಿನ ಕೇಸರದಲ್ಲಿಯೂ ಅಂಡಾಶಯದಲ್ಲಿಯೂ, ಪ್ರಾಣಿಗಳ ಸಂತಾನಾಂಗಗಳಲ್ಲಿಯೂ ಮಾತ್ರ ಇನ್ನೊಂದು ಬಗೆಯ ವಿಭಜನೆಯು ಏರ್ಪಟ್ಟಿರುವದು. ಇದಕ್ಕೆ 1905ರಲ್ಲಿ ಬಂದ ಹೆಸರು ಮಿಯಾಸಿಸ್. ಲೆಕ್ಕವನ್ನು ಅರ್ಧಕ್ಕಿಳಿಸುವದರಿಂದ ಅರೆವಿಭಜನೆ ಎಂದು ನಾವು ಕರೆಯಬಹುದು.

ಇದರಲ್ಲಿಯೂ ಮೊದಲು ವರ್ಣತಂತುಗಳ ಪ್ರತಿಯಾಗುವದು. ಆದರೆ ಆ ಮೇಲೆ ಸಮವಿಭಜನೆಯಲ್ಲಿ ಎಂದೂ ಕಾಣದ ಒಂದು ಸಂಗತಿ ನಡೆಯುವದು. ತಾಯಿಯ ಕಡೆಯ ತಂತುವೂ ತಂದೆಯ ಕಡೆಯ ತಂತುವೂ ಒಂದನ್ನೊಂದು ಹುಡುಕಿಕೊಂಡು ಬಂದು, ಉದ್ದಕ್ಕೂ ಮೈಗೆ ಮೈ ತಾಗಿಸಿ ನಿಲ್ಲುವವು. ನಿಂತಲ್ಲಿಯೇ ತಮ್ಮ ಕೆಲವು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವವು. ಅನಂತರ ಜೋಡಿಯು ಅಗಲಿ ಒಂದು ಆ ಕಡೆಗೂ ಒಂದು ಈ ಕಡೆಗೂ ಹೋಗುವದು. ಯಾವ ಜೋಡಿಯಲ್ಲಿ ಯಾವುದು ಯಾವ ಕಡೆಗೆ ಹೋಗಬೇಕೆಂಬ ನಿಯಮವಿಲ್ಲ. ಇದು ಮೊದಲನೆಯ ಒಡೆತ. ಬಳಿಕ ಎರಡನೆಯ ಒಡೆತದಲ್ಲಿ ಮೂಲವೂ ಪ್ರತಿಯೂ ಬೇರ್ಪಟ್ಟು, ಒಂದು ಕೋಶದಿಂದ ನಾಲ್ಕು ಆಗುವವು. ಒಂದೊಂದರಲ್ಲಿಯೂ ಅರ್ಧ ಲೆಕ್ಕವೇ ಇರುವದು. ಪರಾಗ ಹುಟ್ಟುವಾಗ ನಾಲ್ಕೂ ಉಳಿಯುವವು; ಅಂಡವು ಹುಟ್ಟುವಾಗ ಸಾಮಾನ್ಯವಾಗಿ ಒಂದೇ ಉಳಿಯುವದು. ಪರಾಗದ ಅರ್ಧವೂ ಅಂಡದ ಅರ್ಧವೂ ಕೂಡಿದಾಗ ಲೆಕ್ಕವು ಪುನಃ ಪೂರ್ಣವಾಗುವದು.

ಹೀಗೆ ಎರಡಕ್ಕೂ ಇರುವ ಭೇದವನ್ನು ಸಂಕ್ಷೇಪವಾಗಿ ನೆನಪಿಡಬೇಕಾದರೆ: ಸಮವಿಭಜನೆಯಲ್ಲಿ ಒಡೆತ ಒಂದು, ಮರಿಕೋಶಗಳು ಎರಡು, ಲೆಕ್ಕವು ಪೂರ್ಣ, ಗುಣವು ಅದೇ. ಅರೆವಿಭಜನೆಯಲ್ಲಿ ಒಡೆತ ಎರಡು, ಮರಿಕೋಶಗಳು ನಾಲ್ಕು, ಲೆಕ್ಕವು ಅರ್ಧ, ಗುಣಗಳ ಹಂಚಿಕೆಯು ಪ್ರತಿ ಸಲವೂ ಹೊಸದು. ಒಂದು ಬೆಳೆಸುವದು, ಇನ್ನೊಂದು ಹೊಸತನ್ನು ಹುಟ್ಟಿಸುವದು. ಮೆಣಸಿನಕಾಯಿಯ 12 ಜೋಡಿಗಳು ಹಂಚಿಹೋಗುವ ಬಗೆಗಳೇ 4,096 ಉಂಟು. ಮನುಷ್ಯರ 23 ಜೋಡಿಗಳದು 83,88,608. ತುಂಡುಗಳ ಅದಲುಬದಲಿನಿಂದ ಆಗುವ ಭೇದವು ಈ ಲೆಕ್ಕದಲ್ಲಿ ಸೇರಿಲ್ಲ.

ಈ ವಿದ್ಯೆಯನ್ನು ಕಲಿತು ಸ್ವದೇಶಕ್ಕೆ ಬಂದ ಜಾನಕಿಯವರು 1932ರಿಂದ 1934ರ ವರೆಗೆ ತಿರುವನಂತಪುರದ ವಿಜ್ಞಾನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದು, ಬಳಿಕ ಕೊಯಮತ್ತೂರಿನ ಕಬ್ಬಿನ ತಳಿ ಸಂಸ್ಥೆಯನ್ನು ಸೇರಿದರು. 1912ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ನಡೆಯುತ್ತಿದ್ದ ಕೆಲಸವು ಈ ಎರಡು ವಿಭಜನೆಗಳ ಭೇದವನ್ನೇ ಆಧರಿಸಿತ್ತು. ನಮ್ಮ ಹೊಲಗಳಲ್ಲಿ ಕಬ್ಬನ್ನು ಕಣ್ಣಿರುವ ತುಂಡುಗಳನ್ನು ಹೂಳಿ ಬೆಳೆಯುತ್ತೇವೆ. ಅದು ಬರೀ ಸಮವಿಭಜನೆಯಾದಕಾರಣ ನೂರು ವರ್ಷ ನೆಟ್ಟರೂ ಸಾಮಾನ್ಯವಾಗಿ ಅದೇ ಕಬ್ಬು. ಹೊಸ ಕಬ್ಬು ಬೇಕಾದರೆ ಅದು ಹೂವು ಬಿಟ್ಟು ಬೀಜ ಕಟ್ಟಬೇಕು. ಕೊಯಮತ್ತೂರಿನ ಹವೆಯಲ್ಲಿ ಕಬ್ಬು ಚೆನ್ನಾಗಿ ಹೂ ಬಿಡುವದು. ಸಿಹಿಯಾದ ದಪ್ಪ ಕಬ್ಬಿಗೆ 80 ವರ್ಣತಂತುಗಳು. ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬಿನ ಕೊಯಮತ್ತೂರು ಬಗೆಗೆ 64. ಸಿಹಿಯನ್ನು ಒಂದರಿಂದಲೂ, ರೋಗ ಬರಗಳನ್ನು ತಾಳುವ ಶಕ್ತಿಯನ್ನು ಮತ್ತೊಂದರಿಂದಲೂ ಪಡೆದು 1918ರಲ್ಲಿ ಕೋ 205 ಎಂಬ ತಳಿಯನ್ನು ಅಲ್ಲಿಯ ಪಂಡಿತರು ಕೊಟ್ಟಿದ್ದರು.

ಯಾವ ಕಬ್ಬು ಯಾವುದರೊಡನೆ ಕೂಡೀತು, ಕೂಡಿದ ಮೇಲೆ ವರ್ಣತಂತುಗಳು ಹೇಗೆ ಹಂಚಿಹೋದವು ಎಂಬದನ್ನು ಎಣಿಸಿ ಹೇಳುವದು ಜಾನಕಿಯವರ ಕೆಲಸವಾಯಿತು. ಮೊಗ್ಗು ಇನ್ನೂ ಎಳೆಯದಾಗಿರುವಾಗಲೇ ಕೇಸರವನ್ನು ತೆಗೆದು, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ, ಸೂಕ್ಷ್ಮದರ್ಶಕದಡಿಯಲ್ಲಿ ನೂರರ ಸಮೀಪದ ಎಳೆಗಳನ್ನು ಒಂದೂ ತಪ್ಪದೆ ಎಣಿಸುವದು ಎಷ್ಟು ಸಹನೆಯ ಕೆಲಸವೆಂದು ಹೊಲಿಗೆ ಕಸೂತಿ ಬಲ್ಲ ನಮ್ಮ ಹೆಣ್ಣುಮಕ್ಕಳು ಊಹಿಸಬಲ್ಲರು. ಕಬ್ಬನ್ನು ಅದರ ದೂರದ ನೆಂಟರಾದ ಬೇರೆ ಬೇರೆ ಹುಲ್ಲುಗಳೊಡನೆ ಕೂಡಿಸಿ ಅವರು ಪರೀಕ್ಷಿಸಿದರು. ಕಬ್ಬು ಮತ್ತು ಗೋವಿನಜೋಳಗಳ ಸಂಕರದ ವಿಷಯವಾಗಿ ಬರೆದ ಲೇಖನವು 1938ರಲ್ಲಿ ಇಂಗ್ಲಂಡಿನ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಮರುವರ್ಷವೇ ಅವರನ್ನು ಸದಸ್ಯೆಯನ್ನಾಗಿ ಆರಿಸಿತು. ಆದರೂ ಗಂಡಸರೇ ತುಂಬಿದ್ದ ಆ ಕಾಲದ ಉದ್ಯೋಗದಲ್ಲಿ ಒಂಟಿ ಹೆಂಗಸಾಗಿ ದುಡಿಯುವದು ಅವರಿಗೆ ಸುಲಭವಾಗಿರಲಿಲ್ಲ.

ದೂರದ ಜಾತಿಗಳನ್ನು ಕೂಡಿಸಿದಾಗ ಬರುವ ಒಂದು ತೊಡಕನ್ನು ಇಲ್ಲಿ ಹೇಳಬೇಕು; ಅದು ನಮ್ಮ ಧಾರವಾಡ ಸೀಮೆಯ ಹತ್ತಿಯಲ್ಲಿ ಚೆನ್ನಾಗಿ ಕಾಣಬರುವದು. ನಮ್ಮ ಹಿರಿಯರ ಕಾಲದ ಜವಾರಿ ಹತ್ತಿಗೆ 26 ವರ್ಣತಂತುಗಳು, ಅಮೆರಿಕದಿಂದ ಬಂದ ವಿಲಾಯತಿ ಹತ್ತಿಗೆ 52. ಒಂದರ ಅರ್ಧ 13, ಇನ್ನೊಂದರ ಅರ್ಧ 26. ಎರಡೂ ಕೂಡಿ ಹುಟ್ಟಿದ ಗಿಡಕ್ಕೆ 39. ಆ ಗಿಡದ ಬೆಳವಣಿಗೆಗೆ ಅಡ್ಡಿಯಿಲ್ಲ, ಯಾಕಂದರೆ ಸಮವಿಭಜನೆಗೆ ಜೋಡಿ ಬೇಕಾಗಿಲ್ಲ. ಆದರೆ ಅದು ಹೂವು ಬಿಟ್ಟಾಗ ಅರೆವಿಭಜನೆಯಲ್ಲಿ ಎಷ್ಟೋ ತಂತುಗಳಿಗೆ ಸರಿಜೋಡಿ ಸಿಗದೆ ಹಂಚಿಕೆಯು ಕೆಡುವದು; ಗಿಡವು ಬಂಜೆಯಾಗುವದು. ನಾವು ತಿನ್ನುವ ಪಚ್ಚಬಾಳೆಯಲ್ಲಿ ಬೀಜವಿಲ್ಲದಿರುವದಕ್ಕೂ ಮುಖ್ಯ ಕಾರಣವು ಇದೇ. ಅದರ 33 ವರ್ಣತಂತುಗಳು ಸರಿಯಾಗಿ ಎರಡು ಪಾಲಾಗಲಾರವು. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮೀ ಹತ್ತಿಯ ತಾಯಿತಂದೆಗಳು ಬೇರೆ ಬೇರೆ ಜಾತಿಯವಾದರೂ ಎರಡಕ್ಕೂ 52 ತಂತುಗಳೇ ಇದ್ದದ್ದರಿಂದ ಆ ಕೂಡಿಕೆಯು ಫಲಿಸಿತು.

ಹಾಗಾದರೆ ಬಂಜೆಯಾದ ಸಂಕರಕ್ಕೆ ಉಪಾಯವಿಲ್ಲವೇ? ಉಂಟು, ಅದನ್ನು ಕೈಯಾರೆ ನಡಿಸುವ ಯೋಗವು ಜಾನಕಿಯವರಿಗೆ ಇಂಗ್ಲಂಡಿನಲ್ಲಿ ಒದಗಿತು. 1939ನೇ ಆಗಸ್ಟಿನಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಕೂಡಿದ ಅಂತರರಾಷ್ಟ್ರೀಯ ವಂಶವಿಜ್ಞಾನ ಸಮ್ಮೇಳನಕ್ಕೆ ಅವರು ಹೋಗಿದ್ದರು. ಆಗಲೇ ಎರಡನೆಯ ಮಹಾಯುದ್ಧವು ಹೊತ್ತಿಕೊಂಡದ್ದರಿಂದ ಅವರು ಅಲ್ಲಿಯೇ ಉಳಿದು, 1940ರಿಂದ 1945ರ ವರೆಗೆ ಲಂಡನ್ನಿನ ಬಳಿಯ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯಲ್ಲಿ ದುಡಿದರು. ಪಟ್ಟಣದ ಮೇಲೆ ಬಾಂಬುಗಳು ಬೀಳುತ್ತಿದ್ದ ಆ ವರ್ಷಗಳಲ್ಲಿಯೂ ಅವರ ಎಣಿಕೆಯು ನಿಲ್ಲಲಿಲ್ಲ. 1945ರಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ಬೇಸಾಯದ ಸಸ್ಯಗಳ ವರ್ಣತಂತುಗಳ ಪಟ್ಟಿಯಾದ ಮಹಾಗ್ರಂಥವನ್ನು ಅವರು ಪ್ರಕಟಿಸಿದರು. ಜಗತ್ತಿನ ತಳಿಪಂಡಿತರೆಲ್ಲರಿಗೂ ಅದು ಕೈಪಿಡಿಯಾಯಿತು.

ಅದೇ ವರ್ಷದಿಂದ 1951ರ ವರೆಗೆ ವಿಸ್ಲಿಯ ರಾಯಲ್ ತೋಟಗಾರಿಕೆ ಸಂಘದಲ್ಲಿದ್ದು ಅವರು ಕಾಲ್ಚಿಸಿನ್ ಎಂಬ ಔಷಧದಿಂದ ಪ್ರಯೋಗ ಮಾಡಿದರು. ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ ಅಗ್ನಿಶಿಖೆಯ ಬೀಜದಲ್ಲಿಯೂ ಈ ವಿಷವಸ್ತುವುಂಟು. ಸಮವಿಭಜನೆಯ ನಡುವೆ ಇದನ್ನು ಪ್ರಯೋಗಿಸಿದರೆ ವರ್ಣತಂತುಗಳು ಪ್ರತಿಯಾಗಿದ್ದರೂ ಎರಡು ಕಡೆಗೆ ಸರಿಯಲಾರದೆ ಒಂದೇ ಕೋಶದಲ್ಲಿ ಉಳಿದು, ಲೆಕ್ಕವು ಇಮ್ಮಡಿಯಾಗುವದು. ಆಗ ಜೋಡಿಯಿಲ್ಲದ ತಂತುವಿಗೆ ತನ್ನ ಪ್ರತಿಯೇ ಜೋಡಿಯಾಗಿ ದೊರೆತು, ಬಂಜೆಯಾಗಿದ್ದ ಸಂಕರವು ಅನೇಕ ಸಲ ಬೀಜ ಕಟ್ಟುವದು. ಹೂವಿನ ಗಿಡಗಳಲ್ಲಿ ಹೀಗೆ ಲೆಕ್ಕ ಹೆಚ್ಚಿದಾಗ ಎಲೆ ದಳಗಳು ದಪ್ಪವಾಗುವದೂ ಉಂಟು. ಅವರು ಈ ರೀತಿ ಬೆಳೆಸಿದ ಮ್ಯಾಗ್ನೋಲಿಯ ಗಿಡಗಳೊಳಗಿಂದ ಬಂದ ಬಿಳಿ ಹೂವಿನ ಒಂದು ತಳಿಗೆ ಅವರ ಹೆಸರನ್ನೇ ಇಡಲಾಗಿದೆ.

ಪಂಡಿತ ನೆಹರೂ ಅವರ ಕರೆಯ ಮೇರೆಗೆ ಅವರು ಭಾರತಕ್ಕೆ ಮರಳಿ, 1952ರಲ್ಲಿ ಭಾರತದ ಸಸ್ಯ ಸರ್ವೇಕ್ಷಣ ಇಲಾಖೆಯನ್ನು ಹೊಸದಾಗಿ ಕಟ್ಟುವ ವಿಶೇಷಾಧಿಕಾರಿಯಾದರು. ಅಲಹಾಬಾದಿನ ಕೇಂದ್ರ ಸಸ್ಯ ಪ್ರಯೋಗಾಲಯವನ್ನು ನಡಿಸಿದರು. 1956ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯವು ಗೌರವ ಪದವಿಯನ್ನಿತ್ತಿತು. 1977ರಲ್ಲಿ ಭಾರತ ಸರಕಾರವು ಪದ್ಮಶ್ರೀ ನೀಡಿತು. 1970ರಿಂದ ಮದ್ರಾಸಿನಲ್ಲಿ ನೆಲೆಸಿ, ಮುಪ್ಪಿನಲ್ಲಿಯೂ ಮದುರವಾಯಲಿನ ಕ್ಷೇತ್ರ ಪ್ರಯೋಗಾಲಯದಲ್ಲಿ ಔಷಧದ ಗಿಡಗಳನ್ನು ಬೆಳೆಸುತ್ತ ಶೋಧನೆಯನ್ನು ಮುಂದುವರಿಸಿದರು. ಕೇರಳದ ಮೌನಕಣಿವೆಯನ್ನು ಆಣೆಕಟ್ಟಿನಿಂದ ಉಳಿಸಬೇಕೆಂದು ದನಿಯೆತ್ತಿದವರಲ್ಲಿ ಅವರೂ ಒಬ್ಬರು. 1984ನೇ ಫೆಬ್ರವರಿಯಲ್ಲಿ, 86ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅದೇ ವರ್ಷ ಆ ಕಣಿವೆಯು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಇನ್ನು ನಮ್ಮ ಕೊಠಡಿಗೆ ಬಂದ ಆ ತಾಯಿಯ ಕಡೆಗೆ ತಿರುಗುತ್ತೇವೆ. ಅಮ್ಮಾ, ನೀವು ಸಂಜೆಯಲ್ಲಿ ಹತ್ತಿಯ ಮೊಗ್ಗಿನ ಕೇಸರಗಳನ್ನು ಕಿತ್ತು, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವಿನಿಂದ ಪರಾಗವನ್ನು ಹಚ್ಚುತ್ತೀರಿ. ಅರೆವಿಭಜನೆಯು ಆ ಮೊಗ್ಗಿನೊಳಗೆ ದಿವಸಗಳ ಮೊದಲೇ ಮುಗಿದಿರುವದು. ಅದು ಹಂಚಿಟ್ಟ ಎರಡು ಅರ್ಧಗಳನ್ನು ನಿಮ್ಮ ಬೆರಳುಗಳು ಕೂಡಿಸುತ್ತವೆ. ಆ ಸಂಕರದ ಬೀಜವನ್ನು ಮನೆಯಲ್ಲಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡದಂತೆ ಇನ್ನೊಂದು ಬಾರದೆಂದು ನೀವು ಬಲ್ಲಿರಿ; ಆದಕಾರಣವೇ ರಾಣೇಬೆನ್ನೂರಿನ ಪೇಟೆಯಲ್ಲಿ ವರ್ಷವರ್ಷವೂ ಬೀಜ ಕೊಳ್ಳುವದು. ಹೊಲದಲ್ಲಿ ನೀವು ಒಪ್ಪುವ ಈ ಸತ್ಯವನ್ನು ಮಗಳ ವಿಷಯದಲ್ಲಿ ಯಾಕೆ ಒಪ್ಪಬಾರದು?

ನಿಮ್ಮ ಮಗಳು ನಿಮ್ಮಿಂದ ಪಡೆದದ್ದು ಅರ್ಧ. ಆ ಅರ್ಧವೂ ನಿಮ್ಮ ತಾಯಿತಂದೆಗಳಿಂದ ಬಂದವುಗಳನ್ನು ಕಲೆಸಿ ಹೊಸದಾಗಿ ಹಂಚಿದ್ದು. ಹೆಣ್ಣುಕೂಸು ಇನ್ನೂ ಗರ್ಭದಲ್ಲಿರುವಾಗಲೇ ಅದರ ಅಂಡಕೋಶಗಳಲ್ಲಿ ಈ ವಿಭಜನೆಯು ಮೊದಲಾಗಿ, ನಡುವೆ ನಿಂತು, ಆಕೆ ದೊಡ್ಡವಳಾದ ಮೇಲೆ ಮುಂದುವರಿಯುವದು. ಆದಕಾರಣ ನಿಮ್ಮ ಮಗಳನ್ನು ರೂಪಿಸುವ ಹಂಚಿಕೆಯು ನಿಮ್ಮ ತಾಯಿಯ ಗರ್ಭದಲ್ಲಿ ನೀವಿದ್ದಾಗಲೇ ಆರಂಭವಾಗಿತ್ತು. ಆಕೆ ನಿಮ್ಮ ಪ್ರತಿಯಲ್ಲ. ಆಕೆಯಂಥ ಇನ್ನೊಬ್ಬಳು ಹಿಂದೆ ಹುಟ್ಟಿರಲಿಲ್ಲ. ಗಣಿತವು ಹತ್ತುವದೋ ಇಲ್ಲವೋ ಎಂಬದನ್ನು ಕಲಿಸಿಯೇ ನೋಡಬೇಕಲ್ಲದೆ ಗಾದೆಯಿಂದ ತೀರ್ಮಾನಿಸಲಾಗದು.

ಮೂರೂ ಹೆಣ್ಣಾದವೆಂಬ ದೂರನ್ನೂ ನೀವು ಹೊರಬೇಕಾಗಿಲ್ಲ. ಸ್ತ್ರೀಯರ ಒಂದು ಜೋಡಿಯಲ್ಲಿ ಎರಡೂ ಎಕ್ಸ್ ಎಂಬ ವರ್ಣತಂತುಗಳು. ಪುರುಷರಲ್ಲಿ ಅದೇ ಜೋಡಿಯು ಒಂದು ಎಕ್ಸ್, ಒಂದು ವೈ. ಅರೆವಿಭಜನೆಯಲ್ಲಿ ತಾಯಿಯ ಅಂಡಕ್ಕೆ ಯಾವಾಗಲೂ ಎಕ್ಸ್ ಬರುವದು. ತಂದೆಯ ಕಡೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹುಳುಗಳಲ್ಲಿ ಇದನ್ನು 1905ರಲ್ಲಿ ಕಂಡವರು ನೆಟ್ಟೀ ಸ್ಟೀವನ್ಸ್ ಎಂಬ ಅಮೆರಿಕದ ಮಹಿಳೆ; ಅವರೂ ಮೊದಲು ಶಾಲಾ ಶಿಕ್ಷಕಿಯಾಗಿದ್ದವರೇ. ತಂದೆಯೂ ಇದನ್ನು ಬೇಕೆಂದು ಆರಿಸುವದಿಲ್ಲ. ಆದ್ದರಿಂದ ಅವರನ್ನೂ ದೂರಬೇಕಾಗಿಲ್ಲ. ಈ ಸಾಲುಗಳನ್ನು ನಿಮ್ಮ ಮನೆಯ ಹಿರಿಯರಿಗೆ ನಿಮ್ಮ ಮಗಳಿಂದಲೇ ಓದಿಸಿರಿ.

ಜಾನಕಿ ಅಮ್ಮಾಳ್ ಅವರ ಅಕ್ಕತಂಗಿಯರೂ ಅವರೂ ಒಂದೇ ತಾಯಿತಂದೆಗಳ ಮಕ್ಕಳು, ಒಂದೇ ತೋಟದಲ್ಲಿ ಆಡಿದವರು. ಯಾರಲ್ಲಿ ಏನು ಅಡಗಿದೆಯೆಂದು ಮೊದಲೇ ಕಂಡವರಿರಲಿಲ್ಲ. ತಂದೆಯವರು ಓದಲು ಬಿಟ್ಟರು, ಅಷ್ಟೇ. ಆ ತಾಯಿಯು ಕೇಳಿದ ದಾಖಲೆಯನ್ನು ನಾವು ಬರೆದಿಡಲಿಲ್ಲ. ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಹಾಗೆಯೇ ಇದೆ. ಶಾಲೆಯು ಪುನಃ ತೆರೆಯುವ ದಿವಸ ಆಕೆಯನ್ನು ಕಳಿಸಿಕೊಡಬೇಕೆಂದು ವಿನಂತಿಸುತ್ತೇವೆ.